ಹೆಬ್ಬೆಟ್ಟಿನ ಪದವಿ

ಇಲಾಖೆಗೆ ಹೊಸದಾಗಿ ಸೇರಿದವರು ಯಾರಾದರೂ ಮನೆಗೆ ಬಂದರೆ ಮೊದಲು ಕೇಳುವುದು, ನೀವು ಯಾವ ಹುದ್ದೆಯಲ್ಲಿ ನಿವೃತ್ತರಾದಿರಿ ಎಂದು. ಅದನ್ನು ಹೇಳಲು ಅರ್ಧ ನಿಮಿಷ ಸಾಕು, ಅದರಿಂದ ಅವರಿಗೆ ಕವಡೆಯಷ್ಟು ಉಪಯೋಗವೂ ಇಲ್ಲ. ನನಗೆ ಹೇಳಬೇಕೆನಿಸುವುದು ಬೇರೆಯೇ. ಒಬ್ಬ ಮನುಷ್ಯನಿಗೆ ವಿದ್ಯೆ ಇದೆ ಎಂದು ಬರೆದುಕೊಡುವ ಅಧಿಕಾರ ಯಾರಿಗಿದೆ, ಅವರಿಗೆ ಆ ಅಧಿಕಾರ ಕೊಟ್ಟವರು ಯಾರು ಎಂದು ಹುಡುಕುವುದೇ ನನ್ನ ನೌಕರಿಯ ಬಹುಪಾಲು ಕೆಲಸವಾಗಿತ್ತು. ಈಗ ನೀವು ಕಂಪ್ಯೂಟರಿನಲ್ಲಿ ಹೆಸರು ಹೊಡೆದರೆ ವಿಶ್ವವಿದ್ಯಾಲಯ ಅಸಲಿಯೋ ನಕಲಿಯೋ ಕಣ್ಣು ಮಿಟುಕಿಸುವುದರಲ್ಲಿ ತಿಳಿಯುತ್ತದೆ. ಎಪ್ಪತ್ತರ ದಶಕದಲ್ಲಿ ನಾವು ಬಸ್ಸು ಹತ್ತಿ, ಇಳಿದು, ನಡೆದು ಹೋಗಿ ಕಣ್ಣಾರೆ ನೋಡಿ ಬರಬೇಕಿತ್ತು. ನೋಡಿದ ಮೇಲೂ ಕೆಲವೊಮ್ಮೆ ತಿಳಿಯುತ್ತಿರಲಿಲ್ಲ. ಹಾಗೆ ತಿಳಿಯದೆ ಹೋದ ಒಂದು ಸಂಗತಿಯನ್ನೇ ಇಲ್ಲಿ ಬರೆಯುತ್ತಿದ್ದೇನೆ.

ವಿಜಯಪುರವನ್ನು ಆಗ ವಿಜಾಪುರ ಎನ್ನುತ್ತಿದ್ದೆವು. ಅಲ್ಲಿನ ಶಿಕ್ಷಣ ಇಲಾಖೆಯ ಕಚೇರಿಯಲ್ಲಿ ನನ್ನದು ತಪಾಸಣೆ ಕೆಲಸ. ಖಾಸಗಿ ಶಾಲೆಗಳು ತೆಗೆದುಕೊಂಡ ಶಿಕ್ಷಕರ ಪ್ರಮಾಣಪತ್ರಗಳನ್ನು ನೋಡಿ, ಸರಿ ಇದ್ದರೆ ನೇಮಕಕ್ಕೆ ಅನುಮೋದನೆ ಕೊಡಬಹುದು ಎಂದು ಬರೆಯಬೇಕಿತ್ತು. ಹಳ್ಳಿಗಳಲ್ಲಿ ಶಾಲೆ ನೋಡಲು ಬಂದವರನ್ನೆಲ್ಲ ‘ದಿಪೋಟಿ ಸಾಹೇಬ್ರು’ ಎಂದು ಕರೆಯುವ ಮುಂಬಯಿ ಸರ್ಕಾರದ ಕಾಲದ ರೂಢಿ ಇನ್ನೂ ಉಳಿದಿತ್ತು. ನಾನು ಡೆಪ್ಯುಟಿಯೂ ಅಲ್ಲ, ಸಾಹೇಬನೂ ಅಲ್ಲ. ಆದರೆ ಆ ತಪ್ಪನ್ನು ತಿದ್ದುವ ಮನಸ್ಸು ನನಗೆ ಒಂದು ದಿನವೂ ಬರಲಿಲ್ಲ.

ಇನ್ನೊಂದು ಮಾತು ಈಗಲೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ನಮ್ಮ ಮನೆತನದ ಹೆಸರು ಮಣಿಯಾರ. ಬಳೆ ಮಾರುವವರ ಹೆಸರು ಅದು. ಅಪ್ಪ ಬೇಗ ಹೋದ ಮೇಲೆ ನಮ್ಮಮ್ಮ ಬಳೆಯ ಬುಟ್ಟಿ ಹೊತ್ತು ಟಿಕೋಟಾ, ಬಬಲೇಶ್ವರ, ಸಾರವಾಡ ಎಂದು ಊರೂರು ತಿರುಗಿ ನನ್ನನ್ನು ಓದಿಸಿದಳು. ನಾನು ತಪಾಸಣಾಧಿಕಾರಿಯಾದ ವರ್ಷ ಮಾಡಿದ ಮೊದಲ ಎರಡು ಕೆಲಸಗಳೆಂದರೆ, ಕಚೇರಿಯ ಕಾಗದಗಳಲ್ಲಿ ಮಣಿಯಾರ ಎನ್ನುವುದನ್ನು ಒಂದೇ ಅಕ್ಷರಕ್ಕೆ ಇಳಿಸಿದ್ದು ಮತ್ತು ಅಮ್ಮನ ಬುಟ್ಟಿಯನ್ನು ಅಟ್ಟಕ್ಕೆ ಹಾಕಿಸಿದ್ದು. ಅವಳಿಗೆ ವಿಶ್ರಾಂತಿ ಬೇಕು ಎಂದು ಎಲ್ಲರಿಗೂ ಹೇಳಿದೆ. ನನಗೆ ಬೇಕಾಗಿದ್ದು ವಿಶ್ರಾಂತಿಯಲ್ಲ, ಮರ್ಯಾದೆ.

ಪ್ರಮಾಣಪತ್ರ ನೋಡುವ ಕೆಲಸದಲ್ಲಿ ನನ್ನ ಮೊದಲ ಪ್ರಮಾದ ಇಲ್ಲಿದೆ. ಒಬ್ಬ ಮೌಲವಿ ಶಿಕ್ಷಕರು ಮಾಸಿದ, ಮಡಿಕೆಯಲ್ಲಿ ಹರಿದ ಉರ್ದು ಪ್ರಮಾಣಪತ್ರ ತಂದಿದ್ದರು. ಅದನ್ನು ನೋಡಿದೊಡನೆ ನಾನು ಮೂಗು ಮುರಿದು ‘ಮಾನ್ಯತೆ ಸಂಶಯಾಸ್ಪದ’ ಎಂದು ಬರೆದೆ. ಅದೇ ವಾರ ಬಂಗಾರದ ಅಂಚಿನ, ದಪ್ಪ ಕಾಗದದ ಇನ್ನೊಂದು ಪತ್ರ ಬಂತು. ಬೆಳಕಿಗೆ ಹಿಡಿದು ನೋಡಿ, ಖುಷಿಪಟ್ಟು, ‘ಸರಿ ಇದೆ’ ಎಂದು ಬರೆದೆ. ಮಾಸಿದ್ದು ಸರ್ಕಾರ ಹಿಂದೆಯೇ ಮಾನ್ಯ ಮಾಡಿದ್ದಾಗಿತ್ತು. ಬಂಗಾರದ ಅಂಚಿನದು ಶುದ್ಧ ಬೋಗಸ್.

ನಮ್ಮ ಮೇಲಧಿಕಾರಿಗಳು ಕಡತಗಳನ್ನು ನಿಂತೇ ಓದುತ್ತಿದ್ದರು. ಕುಳಿತರೆ ಓದುವ ಬದಲು ಸಹಿ ಮಾಡಬೇಕೆನಿಸುತ್ತದೆ ಎನ್ನುವುದು ಅವರ ವಾದ. ನನ್ನ ಎರಡೂ ಟಿಪ್ಪಣಿಗಳನ್ನು ನಿಂತು ಓದಿ, ಕನ್ನಡಕದ ಮೇಲಿಂದ ನೋಡಿ, “ನೀ ಕಾಗದಕ್ಕ ಪಾಸ್ ಮಾಡೀಯೋ, ಮನಷ್ಯಾಗ ಮಾಡೀಯೋ?” ಎಂದರು. ಬಂಗಾರದ ಅಂಚಿನ ಪತ್ರ ಕೊಟ್ಟ ಸಂಸ್ಥೆಗೆ ಆವತ್ತೇ ನನ್ನನ್ನು ಕರೆದುಕೊಂಡು ಹೊರಟರು.

ಅದು ವಿಜಾಪುರದಲ್ಲಿಯೇ ಒಂದು ಹಿಟ್ಟಿನ ಗಿರಣಿಯ ಮಾಳಿಗೆಯ ಮೇಲಿತ್ತು. ಮೂರು ಸಾಲಿನ ಹೆಸರಿನ ವಿಶ್ವವಿದ್ಯಾಲಯ. ಕಾವಿ ಶಾಲು ಹೊದ್ದವರೊಬ್ಬರು ಕುಲಪತಿ, ಅವರ ಹೆಂಡತಿ ಉಪಕುಲಪತಿ, ಅವರ ಷಡ್ಡಕ ಪರೀಕ್ಷಾ ವಿಭಾಗದ ಮುಖ್ಯಸ್ಥ. ವೇದಾಂತದಲ್ಲಿ ಡಾಕ್ಟರೇಟ್ ತನಕ ಕೊಡುತ್ತಿದ್ದರು. ನಾನು ಗ್ರಂಥಾಲಯ ಎಲ್ಲಿ, ಬೋಧಕರು ಎಷ್ಟು ಎಂದೆಲ್ಲ ಕೇಳುತ್ತಾ ಪಟ್ಟಿ ಮಾಡುತ್ತಿದ್ದರೆ, ಅವರಲ್ಲಿ ಎಲ್ಲದಕ್ಕೂ ಉತ್ತರ ತಯಾರಿತ್ತು. ನಮ್ಮ ಸಾಹೇಬರು ಒಂದೇ ಪ್ರಶ್ನೆ ಕೇಳಿದರು.

“ನಿಮ್ಮಲ್ಲೆ ನಪಾಸಾದವ್ರ ಯಾದಿ ತೋರಸ್ರಿ.”

ಕುಲಪತಿಗಳು ಹೆಮ್ಮೆಯಿಂದ ಹೇಳಿದರು: “ನಮ್ಮಲ್ಲೆ ಯಾರೂ ನಪಾಸಾಗಂಗಿಲ್ರಿ ಸಾಹೇಬ್ರ. ದೇವರ ಆಶೀರ್ವಾದ.”

ಅಲ್ಲಿಗೆ ಆ ಸಂಸ್ಥೆಯ ಕಥೆ ಮುಗಿಯಿತು. ಮೆಟ್ಟಿಲಿಳಿಯುವಾಗ ಸಾಹೇಬರು ನನಗೆ, ಸುಳ್ಳು ಸಂಸ್ಥೆಯವರು ಪಾಸಾದವರ ಪಟ್ಟಿಯನ್ನು ಹೇಗಾದರೂ ತಯಾರಿಸುತ್ತಾರೆ, ನಪಾಸಾದವರದನ್ನು ತಯಾರಿಸುವುದು ಅವರಿಗೆ ಹೊಳೆಯುವುದೇ ಇಲ್ಲ ಎಂದು ಹೇಳಿಕೊಟ್ಟರು. ನನಗೆ ಕೊಂಬು ಮೂಡಿತು. ಇನ್ನು ಯಾವ ಸಂಸ್ಥೆಯವರು ಬಂದರೂ ಈ ಒಂದು ಪ್ರಶ್ನೆಯಿಂದ ಬಾಯಿ ಮುಚ್ಚಿಸಬಹುದು ಎಂದುಕೊಂಡೆ.

ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದು ಇನ್ನೂ ವರ್ಷ ತುಂಬಿರಲಿಲ್ಲ, ಆಗ ನನ್ನ ಮೇಜಿಗೆ ಒಂದು ದೂರು ಬಂತು. ಹೊನವಾಡದ ಹೈಸ್ಕೂಲಿನಲ್ಲಿ ಶಾಂತವ್ವ ಎಂಬ ಕನ್ನಡ ಶಿಕ್ಷಕಿ ಇದ್ದಾಳೆ. ಎರಡು ವರ್ಷ ತಾತ್ಕಾಲಿಕವಾಗಿ ಕಲಿಸಿದ್ದಾಳೆ, ಈಗ ಕಾಯಂ ಮಾಡಲು ಹೊರಟಿದ್ದಾರೆ. ಅವಳ ಪದವಿ ಟಿಕೋಟಾ ಬಬಲೇಶ್ವರದ ನಡುವಿನ ಯಾವುದೋ ಮಠದ್ದು, ಆ ಮಠ ತನ್ನನ್ನು ವಿಶ್ವವಿದ್ಯಾಲಯ ಎಂದು ಕರೆದುಕೊಳ್ಳುತ್ತಿದೆ. ಬರೆದವನು ಅದೇ ಹುದ್ದೆ ಬಯಸಿ ಸಿಗದೆ ಹೋದವನು. ಆದರೆ ದೂರಿನಲ್ಲಿದ್ದದ್ದು ನಿಜ. ಸಂಸತ್ತಾಗಲಿ ವಿಧಾನಮಂಡಲವಾಗಲಿ ಕಾಯ್ದೆ ಮಾಡಿ ಹುಟ್ಟಿಸದ ಸಂಸ್ಥೆ ವಿಶ್ವವಿದ್ಯಾಲಯ ಎಂಬ ಹೆಸರು ಇಟ್ಟುಕೊಳ್ಳುವಂತಿಲ್ಲ, ಪದವಿ ಕೊಡುವಂತಿಲ್ಲ. ಹೋಗಿ ನೋಡಿ, ಹೆಸರು ತೆಗೆಸಿ, ಶಿಕ್ಷಕಿಯ ಬಗ್ಗೆ ವರದಿ ಕೊಡು ಎಂದು ಸಾಹೇಬರು ಆದೇಶ ಕೊಟ್ಟರು. ಅವಳ ಅನ್ನ ನನ್ನ ಪೆನ್ನಿನಲ್ಲಿತ್ತು.

ಬಸ್ಸಿಳಿದು ಒಂದು ತಾಸು ನಡೆದ ಮೇಲೆ ಮಠ ಕಂಡಿತು. ಊರಿನ ಹೆಸರು ಬೇಡ. ಮಠವೆಂದರೆ ಕಲ್ಲಿನ ಒಂದು ಮಂಟಪ, ಎರಡು ಕೋಣೆ, ಒಂದು ಬೇವಿನ ಮರ, ಅದರ ಸುತ್ತ ಕಟ್ಟೆ. ಬಾಗಿಲ ಮೇಲಿನ ತಗಡಿನ ಫಲಕದಲ್ಲಿ ‘ಅನುಭಾವ ವಿಶ್ವವಿದ್ಯಾಲಯ’ ಎಂದು ಬಣ್ಣದಲ್ಲಿ ಬರೆದಿತ್ತು. ಕಟ್ಟೆಯ ಮೇಲೆ ವಯಸ್ಸಾದವರೊಬ್ಬರು ಪುಂಡಿನಾರಿನ ಹಗ್ಗ ಹೊಸೆಯುತ್ತಿದ್ದರು.

“ಕುಲಪತಿಗಳು ಎಲ್ಲಿದ್ದಾರೆ?” ಎಂದು ಕೇಳಿದೆ.

“ಆ ಹೆಸರಿನಾವ್ರು ಈ ಊರಾಗ ಯಾರೂ ಇಲ್ರಿ. ಮಠ ನೋಡ್ಕೊಳ್ಳಾವ್ರು ಬೇಕಂದ್ರ ನಾವ ಅದೀವಿ. ಬಿಸಲಾಗ ಬಂದೀರಿ, ಕುಂದರ್ರಿ, ಮೊದಲ ನೀರು ಕುಡೀರಿ.”

ಊರವರು ಅವರನ್ನು ಅಜ್ಜಾರು ಎನ್ನುತ್ತಿದ್ದರು. ಫಲಕ ಬರೆದವನು ಟಿಕೋಟಾದ ಪೇಂಟರ್, ಮಠದ ಭಕ್ತ. ಪ್ರೀತಿಯಿಂದ ಬರೆದು ತಂದು ಕಟ್ಟಿ ಹೋಗಿದ್ದನಂತೆ. ಪದವಿಪತ್ರಕ್ಕೆ ಒತ್ತುವ ಸಿಕ್ಕಾ, ಅಂದರೆ ಮೊಹರು, ಕೇಳಿದೆ. ತೋರಿಸಿದರು. ಮಠದ ಹೆಸರಿನ ನಡುವೆ ಸರ್ಕಾರದ ಸಿಂಹಗಳು ಕುಳಿತಿದ್ದವು! ಅದನ್ನು ಮಾಡಿಕೊಟ್ಟವನೂ ಒಬ್ಬ ಭಕ್ತನೇ. ಸಿಂಹ ಇಲ್ಲದಿದ್ದರೆ ಸಿಕ್ಕಾಕ್ಕೆ ಕಳೆ ಬರುವುದಿಲ್ಲ ಎಂದು ತಾನಾಗಿಯೇ ಸೇರಿಸಿದ್ದ. ಭಕ್ತಿಯಿಂದ ಇಷ್ಟೊಂದು ಕಾನೂನು ಮುರಿದವರನ್ನು ನಾನು ಮೊದಲ ಸಲ ನೋಡಿದ್ದು ಅಲ್ಲೇ.

ನಾನು ಗಂಭೀರವಾಗಿ ನಮ್ಮ ಕಚೇರಿಯ ಆದೇಶವನ್ನು ಅವರ ಕೈಗಿತ್ತೆ. ಅಜ್ಜಾರು ಅದನ್ನು ದೂರ ಹಿಡಿದು ನಿಧಾನವಾಗಿ ಓದಿದರು.

“ಸಾಹೇಬ್ರ, ಇದರ ಮ್ಯಾಲ ಮೈಸೂರು ರಾಜ್ಯ ಅಂತ ಸಿಕ್ಕಾ ಬಿದ್ದೈತಿ. ಈಗ ನಮ್ಮ ರಾಜ್ಯಕ್ಕ ಕರ್ನಾಟಕ ಅಂತಾರಂತಲ್ರಿ?”

“ಹೊಸ ಸಿಕ್ಕಾ ಇನ್ನೂ ಬಂದಿಲ್ರಿ.”

“ಅಂದ್ರ ಇಲ್ಲದ ರಾಜ್ಯದ ಸಿಕ್ಕಾದ ಮ್ಯಾಲ ನಡಸಾಕತ್ತೀರಿ. ನಡೀಲಿ ಬಿಡ್ರಿ. ಕೆಲಸ ಖರೇ ಇದ್ರ ಆತು.”

ಅವರ ದನಿಯಲ್ಲಿ ವ್ಯಂಗ್ಯದ ಸುಳಿವೂ ಇರಲಿಲ್ಲ. ಇದ್ದಿದ್ದರೆ ನನಗೆ ಸಿಟ್ಟಾದರೂ ಬರುತ್ತಿತ್ತು. ಮುಖ ಉಳಿಸಿಕೊಳ್ಳಲು ಉತ್ತರಪತ್ರಿಕೆಗಳನ್ನು ತೋರಿಸಿ ಎಂದೆ. ಇಲ್ಲಿ ಬರೆಸುವ ರೂಢಿಯೇ ಇಲ್ಲ ಎಂದರು. ಸರಿ, ಸಿಕ್ಕಿಬಿದ್ದರು ಎಂದುಕೊಂಡು, ಸಾಹೇಬರಿಂದ ಕಲಿತ ಅಸ್ತ್ರ ತೆಗೆದೆ.

“ನಪಾಸಾದವರ ಯಾದಿ ಐತೇನು?”

“ಐತ್ರಿ” ಎಂದು ಅಜ್ಜಾರು ಒಳಗೆ ಹೋದರು. ಕೆಂಪು ವಸ್ತ್ರದಲ್ಲಿ ಸುತ್ತಿದ ದಪ್ಪ ರಿಜಿಸ್ಟರ್ ತಂದು ನನ್ನ ಮುಂದಿಟ್ಟರು.

ಅದನ್ನು ತೆರೆದೆ. ಪುಟದ ಮೇಲೆ ಪುಟ ನಪಾಸಾದವರೇ. ಪಾಸಾದವರು ಅಲ್ಲೊಬ್ಬ ಇಲ್ಲೊಬ್ಬ. ಪ್ರತಿ ಹೆಸರಿನ ಮುಂದೆ ಕಾರಣ ಬರೆದಿತ್ತು. ‘ಕುರಿ ಕಾಯುವ ಯಲ್ಲಪ್ಪನಿಗೆ ತಿಳಿಯಲಿಲ್ಲ.’ ‘ನೀರು ಹೊರುವ ಗಂಗವ್ವನಿಗೆ ಅರ್ಧ ತಿಳಿಯಿತು, ಬರುವ ವರ್ಷ ಮತ್ತೆ ಕೂಡುವುದು.’ ‘ಕಲ್ಲು ಒಡೆಯುವ ಹುಸೇನಿಗೆ ತಿಳಿಯಲಿಲ್ಲ, ಸಂಸ್ಕೃತ ಹೆಚ್ಚಾಯಿತು.’ ತಿರುವುತ್ತಾ ಹಿಂದಕ್ಕೆ ಹೋದರೆ, ಬೇರೆಯವರ ಹಳೆಯ ಅಕ್ಷರದಲ್ಲಿ ಒಂದು ಹೆಸರು ಎರಡು ವರ್ಷ ಎರಡು ಸಲ ಬಂದಿತ್ತು. ಎರಡೂ ಸಲ ನಪಾಸು. ಅದು ಅಜ್ಜಾರ ಹೆಸರು.

“ಇದು ನೀವೇನ್ರಿ?”

“ನಾವ ರೀ. ಎರಡ ಸಲ ಕುಂತಿವಿ. ತಿಳಿಯಾಂಗ ಹೇಳಾಕ ಬರಲಿಲ್ಲ. ಅಷ್ಟರಾಗ ನಮ್ಮ ಗುರುಗಳು ಲಿಂಗೈಕ್ಯರಾದ್ರು, ಮಠ ನಮ್ಮ ತಲಿ ಮ್ಯಾಲ ಬಂತು. ನಮಗ ಪದವಿ ಇಲ್ರಿ.”

ತನ್ನ ವಿಶ್ವವಿದ್ಯಾಲಯದಲ್ಲಿಯೇ ನಪಾಸಾಗಿ, ಅದನ್ನು ಅಳಿಸದೆ ಇಟ್ಟುಕೊಂಡ ಕುಲಪತಿ! ನಾನು ಹಲವು ಸಂಸ್ಥೆಗಳನ್ನು ಕಂಡಿದ್ದೇನೆ, ಕಾಯ್ದೆಯಿಂದ ಹುಟ್ಟಿದವನ್ನೂ ಕಂಡಿದ್ದೇನೆ. ಇಂಥದ್ದನ್ನು ಮತ್ತೆಲ್ಲೂ ಕಾಣಲಿಲ್ಲ. ಈ ಯಲ್ಲಪ್ಪ, ಗಂಗವ್ವ ಯಾರು ಎಂದು ಕೇಳಿದೆ. “ನಾಳಿ ಅಮಾಸಿ. ಪರೀಕ್ಷಾ ಐತಿ. ನೀವ ಬಂದು ನೋಡ್ರಿ” ಎಂದರು. ನಾನು ಬಬಲೇಶ್ವರದ ಸಂಬಂಧಿಕರ ಮನೆಯಲ್ಲಿ ಉಳಿದು ಮರುದಿನ ಬೆಳಗ್ಗೆ ಮತ್ತೆ ಹೋದೆ.

ಅಮಾವಾಸ್ಯೆಗೆ ಎತ್ತು ಹೂಡುವುದಿಲ್ಲ. ಹೀಗಾಗಿ ಸುತ್ತಿನ ಜನ ಬಿಡುವಾಗಿ ಬಂದು ಬೇವಿನ ಮರದ ಕೆಳಗೆ ಕೂತಿದ್ದರು. ಪರೀಕ್ಷೆಗೆ ಕೂಡುವವನು ನೆಲದ ಮೇಲೆ ಕಂಬಳಿ ಹಾಸಿಕೊಂಡು ಕೂಡಬೇಕು, ಪ್ರಶ್ನೆ ಕೇಳುವವರು ಮೇಲೆ ಕಟ್ಟೆಯ ಮೇಲೆ. ಮೊದಲ ಸುತ್ತಿನಲ್ಲಿ ಶಾಸ್ತ್ರ ಬಲ್ಲವರು ಕೇಳುತ್ತಾರೆ. ಎರಡನೆಯದರಲ್ಲಿ ಬೇರೆ ಮತದವರು ಕೇಳುತ್ತಾರೆ. ಮೂರನೆಯ ಸುತ್ತಿಗೆ ಮಠದವರು ದಾರಿಗೆ ಹೋಗಿ, ಓದು ಬರಹ ಬಾರದ ಯಾರು ಮೊದಲು ಸಿಗುತ್ತಾರೋ ಅವರನ್ನು ಕೈ ಮುಗಿದು ಕರೆತರುತ್ತಾರೆ. ಯಾರು ಬರುತ್ತಾರೆಂದು ಮೊದಲೇ ಯಾರಿಗೂ ಗೊತ್ತಿರುವುದಿಲ್ಲ. ಅವರು ಮನಸ್ಸಿಗೆ ಬಂದದ್ದು ಕೇಳಬಹುದು. ಉತ್ತರ ಕೇಳಿ ಅದನ್ನು ತಮ್ಮ ಮಾತಿನಲ್ಲಿ ತಿರುಗಿ ಹೇಳಬೇಕು. ಹೇಳಲು ಬಂದರೆ ಪದವಿಯ ಪತ್ರದ ಮೇಲೆ ಅವರ ಹೆಬ್ಬೆಟ್ಟು ಬೀಳುತ್ತದೆ. ಬರದಿದ್ದರೆ ನಪಾಸು, ಕೇಳಿದವರದಲ್ಲ, ಹೇಳಿದವರದು.

ಆವತ್ತು ಕೂತವನು ಅರಕೇರಿ ಕಡೆಯ ತರುಣ. ಮೊದಲ ಎರಡು ಸುತ್ತಿನಲ್ಲಿ ಅವನು ಉತ್ತರ ಕೊಟ್ಟ ರೀತಿಗೆ ನಾನೇ ತಲೆದೂಗಿದೆ. ಮೂರನೆಯದಕ್ಕೆ ಬಂದವನು ಆಡು ಕಾಯುವ ಒಬ್ಬ ಮುದುಕ. ಆಡುಗಳನ್ನೂ ಹಿಂದೆಯೇ ಹೊಡೆದುಕೊಂಡು ಬಂದಿದ್ದ. ಅವನು ಕೇಳಿದ್ದು, “ಸತ್ತ ಮ್ಯಾಲ ಏನ್ ಉಳೀತೈತ್ರಿ?” ತರುಣ ಬಹಳ ಹೊತ್ತು ಹೇಳಿದ. ಮುದುಕ ಕಣ್ಣು ಕಿರಿದು ಮಾಡಿ ಕೇಳಿದ. ಕೊನೆಗೆ ಪಾಪ, ತನ್ನದೇ ತಪ್ಪೆಂಬಂತೆ ಹೇಳಿದ: “ಛಲೋ ಹೇಳಿದ ನೋಡ್ರಿ ಈ ತಮ್ಮಾ. ಆದ್ರ ನನಗ ತಿಳೀಲಿಲ್ರಿ ಯಪ್ಪಾ.”

ಯಾರೂ ನಗಲಿಲ್ಲ. ತರುಣ ಎದ್ದು ಮುದುಕನ ಪಾದ ಮುಟ್ಟಿ ಕಂಬಳಿ ಮಡಚಿಕೊಂಡ. ಅಜ್ಜಾರು ರಿಜಿಸ್ಟರಿನಲ್ಲಿ ಬರೆದರು. ನಾನು ಎಷ್ಟೋ ಶಾಲೆಗಳ ತಪಾಸಣೆ ಮಾಡಿದ್ದೆ, ಕಲಿಸಿದ್ದು ತಿಳಿಯಿತೇ ಎಂದು ಯಾವ ಆಡು ಕಾಯುವವನನ್ನೂ ಕೇಳಿರಲಿಲ್ಲ. ನನ್ನ ತಪಾಸಣೆಗಳೆಲ್ಲ ಆ ಮರದ ಕೆಳಗೆ ಬಹಳ ಸಣ್ಣವಾಗಿ ಕಂಡವು.

ಜನ ಕರಗಿದ ಮೇಲೆ ಶಾಂತವ್ವನ ಹೆಸರು ಹುಡುಕಿದೆ. ಸಾರವಾಡದ ರೈತರ ಮಗಳು. ಮೂರು ವರ್ಷ ಮೂರು ಸಲ ನಪಾಸು. ನಾಲ್ಕನೆಯ ವರ್ಷದ ಸಾಲಿನಲ್ಲಿ ಹೀಗಿತ್ತು: ‘ತಿಳಿಯಿತು. ಬಳೆ ಮಾರುವ ಖಾಜಾಬಿ ಮಣಿಯಾರ, ವಿಜಾಪುರ.’ ಪಕ್ಕದಲ್ಲಿ ನೀಲಿ ಹೆಬ್ಬೆಟ್ಟು.

ಖಾಜಾಬಿ ನಮ್ಮಮ್ಮ.

ಅಜ್ಜಾರು ನನ್ನ ಭುಜದ ಮೇಲಿಂದ ನೋಡಿ ಹೇಳಿದರು: “ಆ ತಾಯಿ ದೊಡ್ಡ ಮನಷ್ಯಾಳ್ರಿ. ಈಗ ಬರೂದ ಬಿಟ್ಟಾಳ. ಮಗಗ ದೊಡ್ಡ ನೌಕರಿ ಸಿಕ್ಕೈತಂತ, ತಿರಗಬ್ಯಾಡ ಅಂದಾನಂತ.”

“ಹೌದೇನ್ರಿ” ಎಂದೆ. ಆ ಮಗ ನಾನೇ ಎಂದು ಹೇಳಲಿಲ್ಲ. ಈ ಬರಹದಲ್ಲಿ ಒಪ್ಪಿಕೊಳ್ಳಲು ನನಗೆ ಅತಿ ಕಷ್ಟವಾದ ಮಾತು ಇದೇ.

ಹೇಳಬೇಕಾದ ಕಾನೂನಿನ ಮಾತನ್ನು ಹೇಳಿದೆ. ವಿಶ್ವವಿದ್ಯಾಲಯ ಎಂಬ ಪದ ತೆಗೆಯಬೇಕು, ಸಿಕ್ಕಾ ನನಗೆ ಒಪ್ಪಿಸಬೇಕು. ವಾದ ಮಾಡಿಯಾರು, ಭಕ್ತರನ್ನು ಕರೆದಾರು ಎಂದುಕೊಂಡಿದ್ದೆ. ಅಜ್ಜಾರು ಸುಣ್ಣದ ಗಡಿಗೆ ತಂದು, ಏಣಿ ಇಟ್ಟು, ಫಲಕದ ಮೇಲಿನ ಆ ಪದಕ್ಕೆ ತಾವೇ ಸುಣ್ಣ ಬಳಿದರು. ‘ಅನುಭಾವ’ ಎಂಬುದಷ್ಟೇ ಉಳಿಯಿತು. ಇಳಿದು ಬಂದು ಸಿಕ್ಕಾವನ್ನೂ ನನ್ನ ಕೈಗಿಟ್ಟರು. “ಹೆಸರು ಸರ್ಕಾರದ್ದಾತು, ಕೊಟ್ಟಿವಿ. ಪರೀಕ್ಷಾ ನಡಸಾಕ ಅಡ್ಡಿ ಇಲ್ಲಲ್ರಿ?” ಎಂದರು. ತಿಳಿಯಿತೇ ಎಂದು ಒಬ್ಬರನ್ನೊಬ್ಬರು ಕೇಳುವುದಕ್ಕೆ ಯಾವ ಕಾಯ್ದೆಯೂ ಅಡ್ಡಿ ಇಲ್ಲ ಎಂದು ಹೇಳಿದೆ.

ಸಂಜೆ ಮನೆಗೆ ಬಂದಾಗ ಅಮ್ಮ ಅಂಗಳದಲ್ಲಿ ಅಕ್ಕಿ ಆರಿಸುತ್ತಿದ್ದಳು. ಮನೆಯಲ್ಲಿ ನಮ್ಮದು ದಖನಿ ಉರ್ದು ಮಾತು. ಆ ಮಠ ನೆನಪಿದೆಯೇ ಎಂದು ಕೇಳಿದೆ. ಅಮ್ಮ ಮೊರ ಕೆಳಗಿಟ್ಟಳು. ಮಠದಲ್ಲಿ ಕನ್ನಡದಲ್ಲಿ ನಡೆದ ಮಾತನ್ನು ಅವಳು ಕನ್ನಡದಲ್ಲಿಯೇ ಹೇಳಿದಳು.

“ನಾ ಆ ಹುಡಿಗಿಗೆ ಕೇಳಿದ್ನಿ. ದೇವರು ಎಲ್ಲಾ ಕಡೆ ಅದಾನ ಅಂತೀರಿ, ಮತ್ತ ನಮಗ್ಯಾಕ ಸಿಗಂಗಿಲ್ಲ? ಅಕಿ ನನ್ನ ಬುಟ್ಟಿ ನೋಡಿದ್ಲು. ನೀವು ಬಳಿ ಇಡಿಸುವಾಗ ಏನ್ ಹೇಳ್ತೀರಿ ಅಂದ್ಲು. ಕೈ ಸಡಲ ಬಿಡವ್ವಾ ಅಂತೀನಿ ಅಂದ್ನಿ. ಬಳಿ ಸಣ್ಣದೇನು ಅಂದ್ಲು. ಇಲ್ಲ, ಬಳಿ ಸರಿ ಇರ್ತೈತಿ, ಹೆದರಿಕಿಗೆ ಕೈ ಬಿಗಿ ಹಿಡದಿರ್ತಾರ, ಅದಕ್ಕ ಒಳಗ ಹೋಗಂಗಿಲ್ಲ ಅಂದ್ನಿ. ಹಂಗ ರೀ, ದೇವರೂ ಸರಿ ಅದಾನ, ನಾವ ಬಿಗಿ ಹಿಡದೀವಿ ಅಂದ್ಲು.”

ನಾಲ್ಕು ವರ್ಷದ ಹಿಂದಿನ ಮಾತು ನಿನ್ನೆಯದೆಂಬಂತೆ ಅವಳ ಬಾಯಲ್ಲಿತ್ತು. “ಹೆಬ್ಬೆಟ್ಟು ಒತ್ತಿದ್ಯಾ?” ಎಂದೆ.

“ಒತ್ತಿದ್ನಿ. ಬ್ಯಾರೆ ಎಲ್ಲಾ ಕಡೆ ಒತ್ತುವಾಗ ಏನ್ ಬರದಾರ ಅಂತ ಗೊತ್ತಿರ್ತಿರಲಿಲ್ಲ. ಅಲ್ಲಿ ಒತ್ತುವಾಗ ಗೊತ್ತಿತ್ತು, ಬೇಟಾ.”

ನಾನು ಎದ್ದು ಒಳಗೆ ಹೋದೆ. ಕಣ್ಣೀರು ಬಂದಿತ್ತು, ಅದನ್ನು ಮುಚ್ಚಿಡುವ ಕಾರಣ ಈಗ ಇಲ್ಲ. ಊರಿಗೆಲ್ಲ ವಿದ್ಯೆಯ ಅಳತೆ ನೋಡುವ ನಾನು, ಮನೆಯಲ್ಲಿ ಒಬ್ಬ ಪರೀಕ್ಷಕಿಯನ್ನು ಅಟ್ಟದ ಬುಟ್ಟಿಯ ಜೊತೆಗೆ ಮೂಲೆಗೆ ಹಾಕಿದ್ದೆ.

ಮರುದಿನ ಹೊನವಾಡಕ್ಕೆ ಹೋದೆ. ಶಾಂತವ್ವನ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕೂತೆ. ಪಾಠ ಮುಗಿದ ಮೇಲೆ ಅವಳು ಶಾಲೆಯ ಕಸ ಗುಡಿಸುವ ಬಸವ್ವನನ್ನು ಕರೆದು, “ಯವ್ವಾ, ಈಗ ನಾವು ಏನ್ ಮಾತಾಡಿದಿವಿ, ಹೇಳ್ರಿ” ಎಂದಳು. ಬಾಗಿಲಲ್ಲಿ ಕೂತು ಕೇಳುತ್ತಿದ್ದ ಬಸವ್ವ ಹೇಳಿದಳು. ಎಲ್ಲಿ ತಪ್ಪಿದಳೋ ಅಲ್ಲಿಂದ ಶಾಂತವ್ವ ಮತ್ತೆ ಪಾಠ ಶುರುಮಾಡಿದಳು. ಅಂಥ ತರಗತಿಯನ್ನು ನನ್ನ ನೌಕರಿಯಲ್ಲಿ ಬಹಳ ಕಡಿಮೆ ನೋಡಿದ್ದೇನೆ.

ಹೊರಗೆ ಬಂದು ಅವಳಿಗೆ ನೇರವಾಗಿ ಹೇಳಿದೆ, ನಿಮ್ಮ ಪದವಿಗೆ ಮಾನ್ಯತೆ ಇಲ್ಲ, ಹಾಗೆಂದೇ ನಾನು ಬರೆಯಬೇಕಾಗುತ್ತದೆ.

“ಬರೀರಿ ಸರ್. ಮಾನ್ಯತಾ ಇಲ್ಲಂತ ನನಗೂ ಗೊತ್ತೈತಿ. ಸಾಲಿಯವ್ರಿಗೂ ಮೊದಲ ಹೇಳೀನಿ. ಆದ್ರ ನೋಡಿದ್ದೆಲ್ಲಾ ಬರೀರಿ. ಅರ್ಧಾ ಬರೀಬ್ಯಾಡ್ರಿ.”

ಅರ್ಧ ಬರೆಯಲಿಲ್ಲ. ಮಠದ ಪದವಿಗೆ ಕಾನೂನಿನ ಬಲವಿಲ್ಲ, ಅದರ ಮೇಲೆ ಅನುಮೋದನೆ ಕೊಡಲು ಬರುವುದಿಲ್ಲ ಎಂದು ಮೊದಲ ಪುಟದಲ್ಲಿ ಬರೆದೆ. ಬೇವಿನ ಮರದ ಕೆಳಗೆ ಕಂಡದ್ದು, ರಿಜಿಸ್ಟರಿನಲ್ಲಿ ಓದಿದ್ದು, ಹೊನವಾಡದ ಪಾಠ ಎಲ್ಲವನ್ನೂ ಮುಂದಿನ ಪುಟಗಳಲ್ಲಿ ಬರೆದೆ. ಸರ್ಕಾರದ ಕನ್ನಡ ಪಂಡಿತ ಪರೀಕ್ಷೆಗೆ ಕೂಡಲು ಅವಳಿಗೆ ಒಂದು ವರ್ಷ ಅವಕಾಶ ಕೊಟ್ಟು, ಅಲ್ಲಿಯವರೆಗೆ ಮುಂದುವರಿಸಬೇಕು ಎಂದು ಶಿಫಾರ್ಸು ಮಾಡಿದೆ. ಕೊನೆಗೆ, ಈ ಪದವಿಪತ್ರಕ್ಕೆ ಹೆಬ್ಬೆಟ್ಟು ಒತ್ತಿದ ಬಳೆ ಮಾರುವ ಖಾಜಾಬಿ ಮಣಿಯಾರ ನನ್ನ ತಾಯಿ, ಆದ್ದರಿಂದ ನನ್ನ ಶಿಫಾರ್ಸನ್ನು ಬೇರೊಬ್ಬ ಅಧಿಕಾರಿಯಿಂದ ಪರಿಶೀಲಿಸಬಹುದು ಎಂದು ಬರೆದೆ. ಸಹಿಯಲ್ಲಿ ಮನೆತನದ ಹೆಸರನ್ನು ಪೂರ್ತಿ ಬರೆದೆ.

ಸಾಹೇಬರು ಎಂದಿನಂತೆ ನಿಂತು ಓದಿದರು. ಓದುತ್ತಾ ಓದುತ್ತಾ ಕುರ್ಚಿಗೆ ಕೂತರು. ಅವರು ಕೂತು ಓದಿದ್ದನ್ನು ನಾನು ಅದೊಂದೇ ಸಲ ಕಂಡದ್ದು.

“ತಾಯಿ ಸುದ್ದಿ ತಗದು ಹಾಕು. ಮಗನ ಪಕ್ಷಪಾತ ಅಂತಾರ, ಶಿಫಾರ್ಸು ಬೀಳ್ತೈತಿ.”

“ತಗದ್ರ ಅರ್ಧಾ ಆಕೈತ್ರಿ ಸರ್.”

ಸಾಹೇಬರು ಮೇಲಕ್ಕೆ ಕಳಿಸಿದರು. ಅವರು ಹೇಳಿದಂತೆಯೇ ಆಯಿತು. ಶಿಫಾರ್ಸು ತಿರಸ್ಕೃತ, ಶಿಕ್ಷಕಿಯನ್ನು ಕೂಡಲೇ ಬಿಡುಗಡೆ ಮಾಡತಕ್ಕದ್ದು ಎಂದು ಉತ್ತರ ಬಂತು. ಶಾಂತವ್ವ ಸಾರವಾಡಕ್ಕೆ ಹೋದಳು. ನನ್ನ ಸತ್ಯ ಅವಳ ನೌಕರಿ ತಿಂದಿತು. ತಾಯಿಯ ಹೆಸರು ಬರೆಯದೆ ಇದ್ದಿದ್ದರೆ ಎಂದು ಎಷ್ಟೋ ದಿನ ಕೊರಗಿದೆ, ಆ ಪ್ರಶ್ನೆಗೆ ಇಂದಿಗೂ ನನ್ನಲ್ಲಿ ಉತ್ತರವಿಲ್ಲ. ಹೊಸಬರಾದ ನಿಮಗೆ ಇಂಥದ್ದು ಬಂದರೆ ಹೀಗೆ ಮಾಡಿ ಎಂದು ಹೇಳುವ ಧೈರ್ಯವೂ ಇಲ್ಲ.

ಒಂದೂವರೆ ವರ್ಷ ಕಳೆದಿರಬೇಕು. ಒಂದು ಶನಿವಾರ ಮಧ್ಯಾಹ್ನ ಕಚೇರಿ ಮುಗಿಯುವ ಹೊತ್ತಿಗೆ ಶಾಂತವ್ವ ಬಂದಳು. ಹೊಲದ ಕೆಲಸ ಮಾಡುತ್ತಲೇ ಓದಿ ಪಂಡಿತ ಪರೀಕ್ಷೆ ಪಾಸಾಗಿದ್ದಳು. ಹೊನವಾಡದವರು ಮತ್ತೆ ಕರೆದಿದ್ದರು. ಆಗ ಜೆರಾಕ್ಸ್ ಇರಲಿಲ್ಲ. ಟೈಪ್ ಮಾಡಿಸಿದ ಪ್ರತಿಗೆ ಅಧಿಕಾರಿ ‘ಮೂಲದಂತೆ ಇದೆ’ ಎಂದು ಸಹಿ ಹಾಕಿ ಕಡತಕ್ಕೆ ಸೇರಿಸಬೇಕಿತ್ತು. ಸಹಿ ಹಾಕಿದೆ, ಹೊಸ ಕರ್ನಾಟಕದ ಸಿಕ್ಕಾ ಒತ್ತಿದೆ. ಅಷ್ಟು ಸಂತೋಷದಿಂದ ನಾನು ಯಾವ ಕಾಗದಕ್ಕೂ ಸಹಿ ಮಾಡಿಲ್ಲ.

“ಸರ್, ಹೆಬ್ಬೆಟ್ಟು ಒತ್ತಿದಾವ್ರು ನಿಮ್ಮ ತಾಯಿ ಅಂತ ಸಾಲಿಗೆ ಬಂದ ಆದೇಶದಾಗ ಓದಿದ್ನಿ, ಅವ್ರಿಗೆ ಭೆಟ್ಟಿ ಆಗಬೇಕಿತ್ರಿ” ಎಂದಳು.

ಕಾಗದಗಳನ್ನು ಚೀಲದಲ್ಲಿಟ್ಟುಕೊಂಡು ಮನೆಗೆ ಕರೆದುಕೊಂಡು ಹೋದೆ. ಅಮ್ಮ ಅವಳ ಕೈ ಹಿಡಿದು ನೋಡಿದ ಕೂಡಲೇ ಗುರುತಿಸಿದಳು. ಬಳೆ ಇಡಿಸುವವರು ಮುಖಕ್ಕಿಂತ ಮುಂಚೆ ಕೈ ನೋಡುತ್ತಾರೆ. ಸರ್ಕಾರದ ಪರೀಕ್ಷೆ ಪಾಸಾದಳು ಎಂದು ನಾನು ಹೇಳಿದೆ.

“ಯಾರ ಮುಂದ ಹೇಳಿದಿ?” ಎಂದು ಅಮ್ಮ ಅವಳನ್ನೇ ಕೇಳಿದಳು.

“ಯಾರ ಮುಂದೂ ಇಲ್ರಿ ಅಮ್ಮಾ. ಕಾಗದದ ಮ್ಯಾಲ ಬರದು ಕೊಟ್ನಿ.”

“ಹಂಗಾರ ಯಾರಿಗೆ ತಿಳೀತು?”

ಶಾಂತವ್ವ ನನ್ನ ಮುಖ ನೋಡಿದಳು. ನಾನು ಗೋಡೆ ನೋಡಿದೆ. ಆಮೇಲೆ ಅವಳು ಕೂತಿದ್ದ ಖಾಟಿನಿಂದ ಇಳಿದು ಅಮ್ಮನ ಎದುರು ನೆಲದ ಮೇಲೆ ಕೂತಳು. ಪರೀಕ್ಷೆಗೆ ಬಂದಿದ್ದ ಒಂದು ಕಾವ್ಯಭಾಗವನ್ನು ಮೊದಲಿನಿಂದ ಹೇಳಿದಳು. ಯುದ್ಧ ಗೆದ್ದ ರಾಜ ತನ್ನ ಅರಮನೆಗೆ ಬಂದು ಅಳುವ ಕಥೆ. ಅಮ್ಮ ನಡುವೆ ಎರಡು ಸಲ ತಡೆದು ಕೇಳಿದಳು. ಎರಡು ಸಲವೂ ಶಾಂತವ್ವ ಹಿಂದಕ್ಕೆ ಹೋಗಿ ಬೇರೆ ಮಾತಿನಲ್ಲಿ ಹೇಳಿದಳು.

ಕಥೆ ಮುಗಿದ ಮೇಲೆ ಅಮ್ಮ ಹೇಳಿದಳು: “ಗೆದ್ದ ಮ್ಯಾಲ ಕೂಡಿ ಉಣ್ಣಾಕ ಯಾರೂ ಉಳೀಲಿಲ್ಲ. ಅದಕ್ಕ ಅಳ್ತಾನ. ತಿಳೀತು.”

ನನ್ನ ಚೀಲದಲ್ಲಿ ಕಚೇರಿಯ ಶಾಯಿ ಪ್ಯಾಡು ಯಾವಾಗಲೂ ಇರುತ್ತಿತ್ತು. ಅದನ್ನು ತೆಗೆದು ಅಮ್ಮನ ಮುಂದಿಟ್ಟವನು ನಾನೇ. ಸಹಿ ಮಾಡಿದ ಪ್ರತಿಯನ್ನು ಬೆನ್ನು ಮೇಲಾಗಿ ಇಟ್ಟವನೂ ನಾನೇ. ಸರ್ಕಾರಿ ಕಾಗದದ ಮೇಲೆ ಹಾಗೆ ಹೆಬ್ಬೆಟ್ಟು ಒತ್ತಿಸಲು ಯಾವ ನಿಯಮವೂ ಅವಕಾಶ ಕೊಡುವುದಿಲ್ಲ, ಗೊತ್ತಿದ್ದೇ ಮಾಡಿದೆ. ಸೋಮವಾರ ಅದನ್ನು ಕಡತಕ್ಕೆ ಸೇರಿಸಿದೆ, ಶಾಂತವ್ವ ಕಾಯಂ ಆದಳು. ಅಟ್ಟದ ಬುಟ್ಟಿಯನ್ನೂ ಕೆಳಗಿಳಿಸಿಕೊಟ್ಟೆ.

ಆ ಕಡತ ಈಗಲೂ ಕಚೇರಿಯ ದಾಖಲೆ ಕೋಣೆಯಲ್ಲಿ ಇರಬೇಕು. ನಿಮ್ಮ ಕೈಗೆ ಎಂದಾದರೂ ಸಿಕ್ಕರೆ ನನ್ನ ಸಹಿ ನೋಡಿ ಮುಂದೆ ಹೋಗಬೇಡಿ. ಹಾಳೆಯನ್ನು ತಿರುವಿ ಹಾಕಿ. ಆ ಪದವಿಗೆ ಮಾನ್ಯತೆ ಕೊಟ್ಟವರ ಹೆಬ್ಬೆಟ್ಟು ಹಿಂದಿದೆ.